ಕರೆಂಟು ಕಿತ್ತ ಮೇಲೂ ಪಾಸಾದ ಬೋರ್ಡು

ನಾನು, ವಯಸ್ಸು ಐವತ್ತು, ಕೆಲಸ ಆಸ್ಪತ್ರೆಗಳಿಗೆ ಡ್ರಿಪ್ ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷಾ ಟೆಕ್ನೀಷಿಯನ್, ವಾಸ ಕಾರ್ಖಾನೆ ಹಿಂದಿನ ಕ್ವಾರ್ಟರ್ಸ್‌ನ ಆರನೇ ಮನೆ, ಖುದ್ದಾಗಿ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಕೆಲಸ ಮಾಡುತ್ತಾ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಮನೇಲಿ ಯಾರೂ ಕೇಳಲ್ಲ ಅಂತ ಫೋನಿಗೆ ಕೊರೀತೀರಾ ಅಂತ ಹೆಂಡತಿ ಹಂಗಿಸುತ್ತಾಳೆ. ಕೆಳಗಿನ ಕಾರ್ಖಾನೆಯ ಸಮಯಗಳೆಲ್ಲ ಆ ರೆಕಾರ್ಡಿಂಗಿನವು.

ಇಂದು ಬೆಳಿಗ್ಗೆ 9.10ಕ್ಕೆ ಪಂಪನ್ನು ನಡೆಸುವ ಹೊಸ ಡೆವಲಪ್‌ಮೆಂಟ್ ಬೋರ್ಡನ್ನು, ಅಂದರೆ ಹೊಸ ಮಾದರಿಯ ಸರ್ಕ್ಯೂಟನ್ನು, ಪರೀಕ್ಷಾ ರ್‍ಯಾಕಿನ ನಾಲ್ಕನೇ ಜಾಗಕ್ಕೆ ಜೋಡಿಸಿದೆನು. ಕರೆಂಟಿನ ವೈರು ಒಂದು, ಕಂಪ್ಯೂಟರಿನ ಕೇಬಲ್ ಒಂದು. ಆಮೇಲೆ ಕಂಪ್ಯೂಟರೇ ಐನೂರು ಸಲ ಕರೆಂಟು ತೆಗೆದು ಕೊಟ್ಟು ನೋಡುತ್ತದೆ. ಕರೆಂಟು ಮರಳಿದಾಗ ಪ್ರತಿ ಸಲವೂ ಬೋರ್ಡು ಪಂಪಿನ ಮೋಟಾರನ್ನು ನಿಲ್ಲಿಸಬೇಕು. ನಿಲ್ಲದಿದ್ದರೆ ರೋಗಿಯ ಮೈಗೆ ಔಷಧ ಹರಿಯುತ್ತಲೇ ಇರುತ್ತದೆ.

ಮೊದಲು ಕೈಯಾರೆ ಕರೆಂಟು ಕಿತ್ತು, ಬೋರ್ಡಿನಿಂದ ಉತ್ತರ ಸಿಗದೆ ಕಂಪ್ಯೂಟರಿನಲ್ಲಿ ‘ಫೇಲ್’ ಬರುತ್ತದೆಯೇ ಎಂದು ನೋಡುವುದು ನಮ್ಮ ಹಳೇ ಪದ್ಧತಿ. ಐದು ನಿಮಿಷ ದಂಡ ಅಂತ ಮೂರು ತಿಂಗಳ ಹಿಂದೆ ಲ್ಯಾಬ್ ಇನ್‌ಚಾರ್ಜ್ ಅದನ್ನು ಬಿಡಿಸಿದ್ದನು. ಆತ ನನ್ನ ಹೆಂಡತಿಯ ತಮ್ಮ. ಇಂದು ಆತ ಬರುವುದು ತಡವಾಗಿದ್ದರಿಂದ 9.22ಕ್ಕೆ ವೈರು ಕಿತ್ತೆನು. ಬೋರ್ಡಿನ ದೀಪ ಆರಿತು. ಪರದೆಯಲ್ಲಿ ಮಾತ್ರ ಪಾಸ್, ಪಾಸ್ ಅಂತ ಬರುತ್ತಲೇ ಇತ್ತು. 

ರ್‍ಯಾಕಿನ ಹಿಂದಿನಿಂದ, ಬೋರ್ಡಿಗೆ ನಾನು ಜೋಡಿಸಿದ್ದ ಕೇಬಲ್ ಹಿಡಿದು ಹೋದೆನು. ಒಂದೂವರೆ ಮೀಟರ್ ದೂರದಲ್ಲಿ ಅದು ಕಂಪ್ಯೂಟರಿಗೆ ಹೋಗದೆ ಬೀಗ ಹಾಕಿದ ಬೀರುವಿನೊಳಗೆ ಹೋಗಿತ್ತು.

9.40ಕ್ಕೆ ಇನ್‌ಚಾರ್ಜ್ ಬಂದನು. ಬಂದವನು ಪರದೆ ನೋಡಲಿಲ್ಲ, ಬೀರು ನೋಡಿದನು. ಭಾವ, ಸುಮ್ನೆ ತಲೆಗೆ ಹುಳ ಬಿಟ್ಕೋಬೇಡಿ, ಹಸಿರು ಬಂತಲ್ಲ, ಸೈನ್ ಹಾಕಿ ಅಂದನು. ಬೀಗದ ಕೈ ಕೇಳಿದ್ದಕ್ಕೆ ಮನೇಲಿದೆ ಅಂದನು. ಜೇಬಲ್ಲಿ ಗಲಗಲ ಅಂತಿರೋದೇನಪ್ಪಾ ಅಂದೆನು. ಸ್ಕೂಟರ್ ಕೀ ಅಂದನು. ಆತ ಕೆಲಸಕ್ಕೆ ಬರುವುದು ನಡೆದುಕೊಂಡು.

10.05ಕ್ಕೆ ಬೀರುವಿನ ಹಿಂಬದಿಯ ಹಲಗೆಯ ಸ್ಕ್ರೂಗಳನ್ನು ಬಿಚ್ಚಿದೆನು. ಒಳಗೆ ಹೋದ ವರ್ಷದ ಒಳ್ಳೆಯ ಬೋರ್ಡು ರ್‍ಯಾಕಿನಿಂದಲೇ ಕರೆಂಟು ಪಡೆದು ನಡೆಯುತ್ತಿತ್ತು. ಕಂಪ್ಯೂಟರ್ ಇಷ್ಟು ದಿನ ಮಾತಾಡುತ್ತಿದ್ದುದು ಅದರ ಜೊತೆ. 10.20ಕ್ಕೆ ಕಂಪ್ಯೂಟರಿನ ಕೇಬಲನ್ನು ಅದರಿಂದ ಬಿಡಿಸಿ ಹೊಸ ಬೋರ್ಡಿಗೆ ಜೋಡಿಸಿ, ಕಿತ್ತಿದ್ದ ಕರೆಂಟಿನ ವೈರನ್ನೂ ಸಿಕ್ಕಿಸಿದೆನು. ಮೊದಲ ನೂರರಲ್ಲಿ ಹನ್ನೊಂದು ಸಲ ಮೋಟಾರು ನಿಲ್ಲಲಿಲ್ಲ. ಇನ್‌ಚಾರ್ಜ್ ನನ್ನ ಬೆನ್ನ ಹಿಂದೆಯೇ ನಿಂತಿದ್ದನು.  ಭಾವ, ಅಕ್ಕಂಗೆ ಹೇಳಬೇಡಿ ಅಂದನು.

ಇದೇ ಮಾದರಿಯ ಮೊದಲ ಬೋರ್ಡು ಮೂರು ವಾರದ ಹಿಂದೆ ಇದೇ ನಾಲ್ಕನೇ ಜಾಗದಲ್ಲಿ ಪಾಸಾಗಿತ್ತು. ಆ ವರದಿಯ ಮೇಲೆ ನಲವತ್ತು ಪಂಪುಗಳು ಎರಡು ಆಸ್ಪತ್ರೆಗಳಿಗೆ ಹೋಗಿವೆ. ಯಾರು ಮಾಡಿದ್ದು, ಯಾರು ಮಾಡಿಸಿದ್ದು ಎಂಬುದನ್ನು ಆಮೇಲೆ ಕೇಳಿ, ಮೊದಲು ಆ ಪಂಪು ನಿಲ್ಲಿಸಿ ಅಂತ ನಾನು ಬೇಡಿಕೊಂಡ ಮೇಲೆ ಠಾಣೆಯ ಸಾಹೇಬರು ಈ ಹೇಳಿಕೆ ಬರೆಯುವುದನ್ನು ಬಿಟ್ಟು ಆಸ್ಪತ್ರೆಗಳಿಗೆ ಫೋನ್ ಮಾಡಿದರು. 11.52ಕ್ಕೆ ಒಂದು ಆಸ್ಪತ್ರೆಯವರು ಪಂಪುಗಳನ್ನು ತೆಗೆಸುತ್ತೇವೆ ಅಂದರು. ಎರಡನೆಯವರು ಇನ್ನೂ ಫೋನ್ ಎತ್ತಿಲ್ಲ.

ಬರೆದುದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ. ಮೂರು ವಾರದ ಹಿಂದಿನ ವರದಿಯ ಕೆಳಗಿರುವ ಸಹಿಯೂ ನನ್ನದೇ ಎಂದು ಸೇರಿಸಿಕೊಳ್ಳಬೇಕು.

ಸ್ಥಳ: ಠಾಣೆ
ದಿನಾಂಕ: ಈ ದಿನ, ಮಧ್ಯಾಹ್ನ 12.10
(ಸಹಿ)