ಜ್ವರ ಇಳಿಯುವ ಮೊದಲು

ಕೊರಿಯಾದ ಮೊಕ್ಪೊದಲ್ಲಿ ನಮ್ಮ ಬೀದಿಯ ಕ್ಲಿನಿಕ್ಕಿಗೆ ಕೆಮ್ಮು ತೋರಿಸಲು ಹೋಗಿ ಕೂತಿದ್ದೆ. ಎದುರು ಬೆಂಚಿನಲ್ಲಿ ಐವತ್ತು ದಾಟಿದ ಅಕ್ಕತಂಗಿಯರಿಬ್ಬರಿದ್ದರು. ಮಾಸ್ಕಿನೊಳಗಿಂದ ಅಕ್ಕನ ಏದುಸಿರು ಕೇಳುತ್ತಿತ್ತು.

“ನಾನು ಗುನ್ಸಾನ್‌ಗೆ ಹೋಗ್ತೀನಿ ಉನ್‌ಜಾ. ಇವತ್ತೇ.”

“ಈ ಜ್ವರದಲ್ಲಾ? ತಲೆ ಕೆಟ್ಟಿದ್ಯಾ ಅಕ್ಕ?”

“ನಿನ್ನೆ ಸತ್ತೇ ಹೋಗ್ತೀನಿ ಅನ್ನಿಸ್ತು. ಪ್ರಾರ್ಥನೆ ಮಾಡೋಣ ಅಂತ ಕಣ್ಣು ಮುಚ್ಚಿದ್ರೆ ಗುಮ್‌ಹೀ ಮುಖಾನೇ ಬಂತು.”

“ಬರೀ ಫ್ಲೂ ಅಕ್ಕ.”

“ಅವಳಿಗೂ ನಮ್ಮ ಚರ್ಚಿನ ಪಾಸ್ಟರ್‌ಗೂ ಸಂಬಂಧ ಕಟ್ಟಿ ಸುದ್ದಿ ಹಬ್ಬಿಸಿದ್ದು ನಾನು. ಪಾಪ, ಊರೇ ಬಿಟ್ಟು ಗುನ್ಸಾನ್ ಸೇರಿದ್ಲು.”

ತಂಗಿ ಸುತ್ತ ನೋಡಿದಳು. “ಮೆಲ್ಲಗೆ ಮಾತಾಡು! ಹನ್ನೊಂದು ವರ್ಷ ಆಯ್ತು. ಇನ್ನೊಂದು ವಾರ ತಡೆದ್ರೆ ಏನೀಗ?”

“ಮುಂಜಾನೆ ಪ್ರಾರ್ಥನೇಲಿ ‘ಕರ್ತ ಯೇಸು ಇವತ್ತೇ ಬರಬಹುದು’ ಅಂತ ಎಲ್ಲರಿಗಿಂತ ಜೋರಾಗಿ ಕೂಗೋಳು ನಾನೇ. ಮನೆಗೆ ಬಂದು, ನಾಳೆ ನೋಡೋಣ ಅಂತೀನಿ.”

“ಮೊದ್ಲು ಜ್ವರ ಇಳೀಲಿ.”

“ಜ್ವರ ಇಳಿದ್ರೆ ಈ ಧೈರ್ಯಾನೂ ಇಳಿಯುತ್ತೆ ಕಣೇ. ಹೋದ ಸಲಾನೂ ಹಂಗೇ ಆಯ್ತು.”

ತಂಗಿ ಚೀಲದಿಂದ ಫೋನ್ ತೆಗೆದಳು. “ಹೋಗಿ ಅವಳಿಗೂ ಜ್ವರ ಅಂಟಿಸಬೇಡ. ನಂಬರ್ ನನ್ಹತ್ರ ಇದೆ.”

“ನಿನ್ಹತ್ರಾನಾ? ಇಷ್ಟು ದಿನ?”

“ನೀನು ಕೇಳ್ಲೇ ಇಲ್ವಲ್ಲ. ಹಿಡಿ, ರಿಂಗ್ ಆಗ್ತಿದೆ.”

ಅಷ್ಟರಲ್ಲಿ ನರ್ಸ್ “ಬೊಕ್‌ಸುನ್ ಅವರೇ, ಒಳಗೆ ಬನ್ನಿ” ಎಂದು ಕರೆದಳು. ಅಕ್ಕ ಎದ್ದು, ಡಾಕ್ಟರ ಕೋಣೆಗೆ ಬೆನ್ನು ಹಾಕಿ ಬೀದಿ ಬಾಗಿಲಿನತ್ತ ನಡೆದಳು.

“ಗುಮ್‌ಹೀ, ನಾನು ಬೊಕ್‌ಸುನ್. ಫೋನ್ ಇಡಬೇಡ, ದಮ್ಮಯ್ಯ,” ಎನ್ನುತ್ತಲೇ ಹೊರಗೆ ಹೋದಳು. ತಂಗಿ ಅವಳ ಕೋಟು ಎತ್ತಿಕೊಂಡು ಹಿಂದೆಯೇ ಓಡಿದಳು.