ಡ್ರೈವರ್ ಕಟ್ಟಿದ ಮೂರು ರಾತ್ರಿ

ಬಾಗಲಾ ಮುಂದ ಮಾಡ್ರಿ... ಹಾಂ. ಇದೇನ ಕಟ್ಟಿ ಹೇಳೂ ಮಾತಲ್ಲ. ನಮ್ಮ ಬಾಜೂ ಮನಿ ಯಾಕೂಬನ ಜೀವಕ್ಕ ಬಂದಿದ್ದು.

ತೊಂಬತ್ತೆಂಟರ ನವೆಂಬರ್. ಐಗಳಿ ರಸ್ತೆಗುಂಟ ಯಾಕೂಬ ಒಬ್ಬನ ನಡಕೊಂತ ಮನಿಗೆ ಹೊಂಟಿದ್ದ. ರಾತ್ರಿ ಒಂದೂವರಿ. ಕಬ್ಬಿನ ಗಾಡಿ ತೂಗೂ ಕಾಟಾ ಹಂತೇಕ ಒಂದ ಹಳೇ ಬಾವಿ. ಅಲ್ಲಿಗೆ ಬರತಾನ... ಕಿರ್ರ್... ಕಿರ್ರ್... ಗಡಗಡಿ ತಿರಗೂ ಸಪ್ಪಳ.

"ಮುಗೀತೇನ?"

ಹೆಣ್ಣ ದನಿ. ಭಾಳ ಸಣ್ಣಗ. ಕಬ್ಬ ಕಡ್ಯಾಕ ಬಂದ ಹೆಣ್ಣಮಗಳು ನೀರ ಸೇದಾಕತ್ತಾಳ, ತನ್ನ ಕೆಲಸದ್ದ ಕೇಳತಾಳ ಅಂದಕೊಂಡ ಇಂವ.

"ಇನ್ನ ಇಲ್ಲವ್ವಾ" ಅಂದ.

ಸಪ್ಪಳ ಗಪ್ಪನ ನಿಂತತು.

ಅವನ ಕೆಲಸಾ ಹೇಳತೀನಿ. ಅಲ್ಲೇ ಒಂದ ಸಕ್ಕರಿ ಕಾರಖಾನಿ, ಹೆಸರ ಬ್ಯಾಡ. ನಾ ಕಬ್ಬಿನ ಆಫೀಸಿನ್ಯಾಗ ಕಾರಕೂನ, ಅಂವ ಕಂಪ್ಯೂಟರ್ ನೋಡಕೊಳ್ಳಾಂವ. ಹೋದ ವರ್ಷ ಕಾಟಾದಿಂದ ಆಫೀಸಿಗೆ ಎಳದ ವಾಯರ್ ಕಬ್ಬಿನ ಗಾಡಿಗೆ ಸಿಕ್ಕು ಹರೀತಿತ್ತು. ಅದಕ್ಕ ಸಾಹೇಬ್ರು ಎರಡ ವಾಯರಲೆಸ್ ಕಾರ್ಡ್ ತರಿಸಿದ್ರು. ಆದರ ಕಾರ್ಡಿನ ಮಾತ ಕಂಪ್ಯೂಟರಿಗೆ ತಿಳೀಬೇಕಂದ್ರ ನಡಬರಕ ಡ್ರೈವರ್ ಅಂತ ಒಂದ ಪ್ರೋಗ್ರಾಂ ಬೇಕು. ನಮ್ಮ ಮಶೀನಿಗೆ ಅದು ತಯಾರ ಸಿಗಲಿಲ್ಲ. ಮೂವತ್ತ ನಲವತ್ತ ಫೈಲು ಒಂದೊಂದ ಕಟ್ಟಿ, ಕಡೀಕ ಕೂಡಿಸಿ ಒಂದ ಮಾಡಬೇಕು. ಯಾವದರ ಮ್ಯಾಲ ಯಾವದು ಅಂತ ಯಾಕೂಬ ಯಾದಿ ಬರದಿದ್ದ. 'ಮೇಕ್' ಅಂತ ಹೊಡದ್ರ ಮಶೀನ ತಾನ ಕಟ್ಟಕೊಂತ ಹೋಗೂದು. ಒಂದ ಫೈಲ್ ತಪ್ಪಿದ್ರ... ಟೊಂಯ್! ಅಲ್ಲೇ ನಿಂದರೂದು. ಹಗಲೆಲ್ಲಾ ಆ ಮಶೀನಿನ ಮ್ಯಾಲ ನಾವು ರೈತರಿಗೆ ಕಬ್ಬ ಕಡ್ಯೂ ಪಾಳಿ ಚೀಟಿ ತಗೀತಿದ್ವಿ. ಅವಗ ಸಿಗತಿದ್ದದ್ದ ರಾತ್ರಿ ಒಂಬತ್ತರ ಮ್ಯಾಲ. ಸೋಮವಾರ ಕಬ್ಬ ನುರಿಸೂ ಹಂಗಾಮ ಚಾಲೂ. ಅಷ್ಟರಾಗ ಆಗಬೇಕಂತ ಸಾಹೇಬ್ರ ಹುಕುಂ.

ಎರಡನೇ ರಾತ್ರಿ. ಅದ ಬಾವಿ. ಕಿರ್ರ್... ಕಿರ್ರ್...

"ಮುಗೀತೇನ?"

ಇಂವ ಬ್ಯಾಟರಿ ಹಾಕಿ ನೋಡಿದ. ಬಾವಿ ಮ್ಯಾಲ ಗಡಗಡಿ ಇಲ್ಲ. ಹಗ್ಗ ಇಲ್ಲ. ಯಾರೂ ಇಲ್ಲ.

"ಇಲ್ಲ... ಇನ್ನ ಇಲ್ಲ" ಅಂದವನ ಓಟಾ ಕಿತ್ತ.

ಮರುದಿನ ರಾತ್ರಿ ಪಾಳೇದ ವಾಚಮನ್ ಲಗಮಣ್ಣಗ ಹೇಳಿದ. ಲಗಮಣ್ಣ ಬೀಡಿ ಆರಿಸಿದ.

"ಮುಗೀತು ಅಂದಿಲ್ಲ ಹೌದಲ್ಲೋ, ತಮ್ಮಾ?"

"ಇಲ್ಲ, ಕಾಕಾ. ಯಾಕ?"

"ನಮ್ಮಜ್ಜನ ಕಾಲದಾಗ ಬಾವಿ ಕಟ್ಟಾಕ ಕಲ್ಲ ಹೊರಾಕ ಬಂದಿದ್ಳು ಆಕಿ. ಕೆಲಸ ಮುಗಿಯೂತನಕಾ ಮನಿಗೆ ಬಿಡೂದಿಲ್ಲ ಅಂದಿದ್ರಂತ. ಕಲ್ಲ ಕುಸದು ಒಳಗ ಉಳದಳು. ಈಗ ಹೋಗ ಬರಾವರನ್ನ ಕೇಳತಾಳ. ಮುಗೀತು ಅಂದ್ರ... ಜೋಡೀಲೆ ಕರಕೊಂಡ ಹೋಗತಾಳ."

"ಹಂಗಾದ್ರ ಇಲ್ಲ ಅಂತ ಸುಳ್ಳ ಹೇಳಿದ್ರಾತು."

"ಸುಳ್ಳ ತಿಳೀತೈತಿ ಆಕಿಗೆ" ಅಂದ ಲಗಮಣ್ಣ.

ಆಫೀಸಿನ್ಯಾಗ ಮಲಗೂಣು ಅಂದ್ರ ಅವನ ತಾಯಿ ಜನ್ನತಬಿಗೆ ದಮ್ಮು. ರಾತ್ರಿ ಎರಡಕ್ಕ ಎಬ್ಬಿಸಿ ಔಷಧ ಕೊಡಬೇಕು. ಮನ್ಯಾಗ ಮತ್ತ ಯಾರೂ ಇಲ್ಲ. ಬ್ಯಾರೆ ದಾರಿನೂ ಇಲ್ಲ.

ಮೂರನೇ ರಾತ್ರಿ 'ಮೇಕ್' ಹೊಡದು ಕುಂತ. ಡಿಸ್ಕ್ ಕರ್‌ಕರ್... ಕರ್‌ಕರ್... ಪಡದೇ ಮ್ಯಾಲ ಸಾಲಿಗೆ ಸಾಲು ಏರಾಕತ್ತಾವು. ಈ ಸಲ ಎಲ್ಲೂ ನಿಂದರಲಿಲ್ಲ. ಹನ್ನೆರಡೂವರಿಗೆ ಡ್ರೈವರ್ ತಯಾರ! ಯಾಕೂಬ ನಕ್ಕ... ಆಮ್ಯಾಲ ಬಾವಿ ನೆನಪಾತು.

ಮುಗದಿತ್ತಲ್ಲ!

ಗಡಿಯಾರ ನೋಡಿದ. ಒಂದಾತು. ಕಡೀಕ ಏನ ಮಾಡಿದ ಗೊತ್ತೇನ್ರಿ? ತಯಾರಾದ ಡ್ರೈವರ್ ಅಳಿಸಿದ. ತಾ ನಿದ್ದಿಗೆಟ್ಟ ಬರದಿದ್ದ ಒಂದ ಫೈಲೂ ಅಳಿಸಿದ. ಮತ್ತ 'ಮೇಕ್' ಹೊಡದ. ಟೊಂಯ್! ನಿಂತತು. ಈಗ ಖರೇನ ಮುಗದಿಲ್ಲ. ಮಶೀನ ಬಂದ ಮಾಡಿ, ಕೀಲಿ ಹಾಕಿ, ಕೀಲಿಕೈ ಲಗಮಣ್ಣನ ಕೈಯಾಗ ಕೊಟ್ಟು ಹೊಂಟ.

ಆವತ್ತ ಬಾವಿ ಹಂತೇಕ ಸಪ್ಪಳಿಲ್ಲ. ಹುಳಾನೂ ಒದರವಲ್ದು. ಇಂವ ಉಸರ ಹಿಡದು ದಾಟಾಕತ್ತಾನ... ಕಿವಿ ಹಿಂದ, ತಣ್ಣಗ...

"ಮುಗೀತೇನ?"

"ಇಲ್ಲವ್ವಾ... ಇನ್ನ ಒಂದ ಫೈಲ್ ಉಳದೈತಿ."

ಒಂದ ಹೆಜ್ಜಿ ಇಟ್ಟ. ಎರಡ ಹೆಜ್ಜಿ...

"ಯಾವದು?"

ಹಿಂದಿನ ಎರಡೂ ರಾತ್ರಿ ಆಕಿ ಎರಡನೇ ಮಾತ ಕೇಳಿರಲಿಲ್ಲ. ಯಾಕೂಬ ನಡಿಯೂದ ಬಿಡಲಿಲ್ಲ. "ಆಕಡಿಂದ ಬಂದ ದನಿ... ಕೇಳಿಸಿಕೊಳ್ಳೂ ಫೈಲು" ಅಂದ.

ಹಿಂದ ತಿರಗಿ ನೋಡದ ನಡದ. ತಾಯಿಗೆ ಔಷಧ ಕುಡಿಸಿ ತಾ ಬಿದ್ದಕೊಂಡ. ಮುಂಜಾನಿ ಮೈ ಕೆಂಡ ಆಗಿತ್ತು. ಆದ್ರೂ ನನ್ನ ಕರಕೊಂಡ, ಕಂಬಳಿ ಹೊದ್ದು, ಅಳಿಸಿದ್ದ ಫೈಲ್ ತಿರಗಿ ಬರಿಯಾಕ ಬಂದ. ಅಲ್ಲೇ ದಾರ್ಯಾಗ ನಂಗ ಎಲ್ಲಾ ಹೇಳಿದ.

ಲಗಮಣ್ಣ ನಮ್ಮ ಮುಂದ ಕೀಲಿ ತಗದ. ರಾತ್ರಿ ಯಾರೂ ಒಳಗ ಹೋಗಿಲ್ಲ ಅಂತ ಆಣಿ ಮಾಡಿದ. ಮಶೀನ ಹಚ್ಚಿ ಯಾಕೂಬ 'ಮೇಕ್' ಹೊಡದ. ಕಟ್ಟೂದೇನೂ ಉಳದಿಲ್ಲ ಅಂತ ಬಂತು. ಅಳಿಸಿದ ಫೈಲು ಜಾಗಾದಾಗ ಐತಿ. ಡ್ರೈವರ್ ತಯಾರ ಐತಿ.

ಯಾಕೂಬ ಎದ್ದು ಹೊರಗ ಹೋದಾಂವ ಆ ಖೋಲಿಗೆ ತಿರಗಿ ಕಾಲಿಡಲಿಲ್ಲ. ಈಗ ನಿಪ್ಪಾಣ್ಯಾಗ ಅದಾನ, ತಾಯೀನೂ ಜೋಡೀಲೆ ಅದಾಳ. ಡ್ರೈವರ್ ಮಾತ್ರ ಆ ಹಂಗಾಮ ಪೂರಾ ನಡೀತು, ಒಂದ ದಿನಾನೂ ಕೆಡಲಿಲ್ಲ.

ನಂಬೂದ ಬಿಡೂದ ನಿಮಗ ಬಿಟ್ಟದ್ದು. ಆದರ ಬಾಗಲಾ ತಗದ ಕೂಡಲೆ ಮೊದಲ ಒಳಗ ಹೋದಾಂವ ನಾನು. ನವೆಂಬರ್ ಥಂಡಿ, ಕಬ್ಬಿಣದ ಕಪಾಟ ಮುಟ್ಟಿದ್ರ ಕೈ ಜುಮ್ ಅಂತಿತ್ತು. ಮಶೀನಿನ ಮುಂದಿನ ಖುರ್ಚಿ ಮ್ಯಾಲ ಕೈ ಇಟ್ಟೆ... ಈ ಕೈ ನೋಡ್ರಿ, ಇದ ಕೈ...

ಬೆಚ್ಚಗಿತ್ತು.