ಹಾಡಿನ ನಡುವಿನ ಕೆಮ್ಮು

"ಹಲೋ... ಹಲೋ, ಕೋಣ್ ಬೋಲ್ತಂಯ್?... ಚನ್ನವೀರ ಆಹೇತ್ ಕಾ?... ಹೋ, ಹೋ, ತೇ ಕಾನಡಿ, ದಾಢೀವಾಲೇ... ಥಾಂಬತೆ."

ಗಡ್ಡದ ಕನ್ನಡಿಗನನ್ನು ಕರೆಯಲು ಆ ಕಡೆಯ ಮರಾಠಿಯವನು ಹೋದ. ಸದಾಶಿವ ಪೇಠೆಯ ಎಸ್‌ಟಿಡಿ ಬೂತಿನ ಬಾಗಿಲನ್ನು ತ್ರಿವೇಣಿ ಮೊಣಕೈಯಿಂದ ಒತ್ತಿ ಹಿಡಿದಳು. ಹೊರಗೆ ಟ್ಯೂಶನ್ ಬಿಟ್ಟ ಹೊತ್ತಿನ ಸ್ಕೂಟರುಗಳ ಗದ್ದಲ. ಹಿಂದಿನ ವಾಡೆಯ ಮಾಳಿಗೆಯ ಮೇಲೆ ಅವಳೂ ಚನ್ನವೀರನೂ ಇದ್ದ ಓದುಬಳಗದ ಕಂಪ್ಯೂಟರು ಬೆಳಗಿನಿಂದ ಒಂದೇ ಹಟ ಹಿಡಿದಿತ್ತು: ಈ ಫೈಲು ತೆರೆಯಲಾಗದು. ನಾಳೆ ಭಾನುವಾರ. ತಳೇಗಾಂವದ ತಗಡಿನ ಶೆಡ್ಡುಗಳ ಮುಂದೆ, ಕಟ್ಟಡದ ಕೆಲಸದ ಹೆಂಗಸರು ತಮ್ಮ ಬದುಕಿನ ಮೇಲೆ ತಾವೇ ಮಾಡಿಸಿದ ಸಿನಿಮಾ ನೋಡಲು ಕೂಡುವವರಿದ್ದರು.

"ಹಾಂ, ಚನ್ನಣ್ಣಾ? ನಾನ್ರಿ, ತ್ರಿವೇಣಿ... ಆರಾಮ ಅದೀನ್ರಿ. ನಮ್ಮ ಸಿನಿಮಾ ತೆರೀವಲ್ದು. ನಿನ್ನೆ ನೀವು ಕೊಟ್ಟ ಡಿಸ್ಕ್ ಹಚ್ಚಿ ನೋಡಿದ್ರ, ನಮ್ಮ ಲಿನಕ್ಸ್ ಅದನ್ನ ಗುರುತs ಹಿಡೀವಲ್ದು."

...

"ಇಲ್ರಿ, ಬಂದ್ ಮಾಡಿ ಮತ್ತ ಚಾಲೂ ಮಾಡೀನಿ."

...

"ಏನು? ಮ್ಯಾಕ್‌ನ್ಯಾಗ ಮಾಡಿದ್ದಾ?... ಯಾರ ಮ್ಯಾಕ್ರಿ?"

ಆ ಕಡೆಯ ಮಾತು ಉದ್ದಕ್ಕೆ ಹರಿಯಿತು. ಈ ಧಾಟಿ ತ್ರಿವೇಣಿಗೆ ಹೊಸದಲ್ಲ. ಹೋದ ವರ್ಷ ಇದೇ ನಾಲಿಗೆ ಬಳಗದ ಸಭೆಯಲ್ಲಿ ಲಿನಕ್ಸಿನ ಪರವಾಗಿ ಗುಡುಗಿತ್ತು. ಸಿನಿಮಾ ಜೋಡಿಸಲು ಕಂಪ್ಯೂಟರಿಗೆ ಯಾವ ವ್ಯವಸ್ಥೆ ಹಾಕಬೇಕು ಎಂಬ ಪ್ರಶ್ನೆಯನ್ನು ಚನ್ನವೀರ ನೇರವಾಗಿ ಹೆಂಗಸರ ಮುಂದೆಯೇ ಒಯ್ದಿದ್ದ. ಲಿನಕ್ಸು ಓಣಿಯ ಒರಳಿದ್ದ ಹಾಗೆ, ಯಾರು ಬೇಕಾದರೂ ಕುಟ್ಟಬಹುದು, ಯಾರೂ ಕೀಲಿ ಹಾಕುವಂತಿಲ್ಲ ಎಂದಿದ್ದ. ಕಂಪ್ಯೂಟರು ಮುಟ್ಟಿ ನೋಡದ ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ತಿವಿಯುತ್ತ ಕೈ ಎತ್ತಿದ್ದರು. ಮೊದಲು ಎದ್ದದ್ದು ಯಮನವ್ವನ ಸಿಮೆಂಟು ತಿಂದ ಕೈ. ಅವಳ ಗಂಡ ಮಲಕಪ್ಪ ತಳೇಗಾಂವದ ಹತ್ತು ಮಾಳಿಗೆಯ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತಿದ್ದ. ಅವನ ಮೇಲೆ ಅವಳೇ ಕಟ್ಟಿ ಹಾಡಿದ ಹಾಡು ಆ ಸಿನಿಮಾದ ಜೀವ.

"ಹೌದ್ರಿ, ದನಿ ಹಿಂದ ಬೀಳ್ತಿತ್ತು. ಬಣ್ಣ ಕೆಡ್ತಿತ್ತು. ನಡುವ ನಿಂತs ಬಿಡ್ತಿತ್ತು. ಅದನ್ನ ನಾ ಇಲ್ಲ ಅಂದ್ನೇನು? ಬಾಜೂಕ ಕುಂತು ಜೋಡಿಸಿದಾಕಿ ನಾನs ಅಲ್ಲೇನ್ರಿ?"

...

"ಇಂಥಾ ಕೆಲಸಕ್ಕ ಮ್ಯಾಕ್ ಚೊಲೋ ಅಂತೀರಿ. ಇರಬಹುದು. ಅದನ್ನ ಸಭಾದಾಗ ಯಾಕ ಹೇಳಲಿಲ್ಲ? ನಮ್ಮದು ತಪ್ಪಾತು, ಬದಲಿ ಮಾಡೋಣು ಅಂತ ಒಂದ ಮಾತು ಅಂದಿದ್ರ ಮತ್ತ ಕೈ ಎತ್ತತಿದ್ವಿ. ನಾನs ಮೊದಲ ಎತ್ತತಿದ್ದೆ."

...

"ಸ್ಟುಡಿಯೋದವರು ತಮ್ಮ ಮ್ಯಾಕ್ ಪುಕ್ಕಟೆ ಬಿಟ್ಟಾರ? ಯಾಕ ಪುಕ್ಕಟೆ?... ಯಾಕ ಅಂತ ಕೇಳಾಕತ್ತೀನಿ, ಚನ್ನಣ್ಣಾ."

ಶಿವಾಜಿನಗರದ ಆ ಸ್ಟುಡಿಯೋದಲ್ಲಿ ಚನ್ನವೀರನ ಬೆನ್ನ ಹಿಂದೆ ಯಾರೋ ಏನನ್ನೋ ತಿರುಗಿಸಿ ತಿರುಗಿಸಿ ಹಚ್ಚುತ್ತಿದ್ದರು. ಮೊದಲು ಕೊಳಲು. ಆಮೇಲೆ ಒಂದು ಹೆಣ್ಣುದನಿ. ತ್ರಿವೇಣಿ ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

"ಹಿಂದ ಯಾರು ಹಾಡಾಕತ್ತಾರ?"

...

"ರೇಡಿಯೋ ಅಲ್ರಿ. ಕೈ ಮುಚ್ಚಬ್ಯಾಡ್ರಿ ಫೋನಿಗೆ. ತೆಗೀರಿ ಕೈ."

ಕೈ ತೆಗೆದನೋ, ಬೆರಳ ಸಂದಿಯಿಂದಲೇ ಸೋರಿತೋ, ಯಮನವ್ವನ ಹಾಡು ಮಾತ್ರ ನಿಚ್ಚಳವಾಗಿ ಬಂತು. *ಮುಗಿಲು ಮುಟ್ಟೂವಂಗ ಮನಿ ಕಟ್ಟೇವ ತಾಯಿ.* ಅದರ ಬೆನ್ನಿಗೇ ಜೇನು ಸವರಿದ ಮರಾಠಿ ಜಾಹೀರಾತಿನ ಗಂಡುದನಿ: ತಳೇಗಾಂವದ ತಂಪು ಗಾಳಿ, ಹತ್ತು ಮಾಳಿಗೆ, ನಿಮ್ಮ ಕನಸಿನ ಮನೆ. ಮತ್ತೆ ಕೊಳಲು. ಮತ್ತೆ ಅದೇ ಸಾಲು.

"ಹತ್ತು ಮಾಳಿಗೀದು... ಮಲಕಪ್ಪ ಬಿದ್ದದ್ದು, ಅದs ಅಲ್ಲಾ?"

...

"ಅಲ್ಲಾ ಅಂತ ಕೇಳ್ದೆ. ಹೌದು ಅನ್ರಿ, ಇಲ್ಲ ಅನ್ರಿ."

...

ಅವನು ಹೌದು ಅಂದ. ತ್ರಿವೇಣಿಯ ಮೊಣಕೈ ಬಾಗಿಲಿನಿಂದ ಜಾರಿ, ಪೇಠೆಯ ಗದ್ದಲವೆಲ್ಲ ಒಳಗೆ ನುಗ್ಗಿತು. ಅವಳ ಕಿವಿ ಮಾತ್ರ ಇನ್ನೂ ಹಾಡಿನಲ್ಲೇ ಏನನ್ನೋ ಹುಡುಕುತ್ತಿತ್ತು. ಆ ಸಾಲಾದ ಮೇಲೆ ಯಮನವ್ವನಿಗೆ ಕೆಮ್ಮು ಬರುತ್ತಿತ್ತು. ಎದೆ ಹರಿಯುವಂಥ ಕೆಮ್ಮು. ಕೆಮ್ಮಿ, ಉಸಿರು ತಿರುಗಿಸಿಕೊಂಡು, ಎರಡನೆಯ ಸಾಲು ಎತ್ತಿಕೊಳ್ಳುತ್ತಿದ್ದಳು: *ಮಲಗಾಕ ಮಾರು ನೆಲ ನಮಗಿಲ್ಲ.* ಹೇಳಿದವರಿಗೆ ಮೊದಲು ಕೇಳಿಸದೆ ಸಿನಿಮಾದಲ್ಲಿ ಯಾವುದನ್ನೂ ಉಳಿಸಬಾರದೆಂಬುದು ಬಳಗದ ಕಟ್ಟಳೆ. ಕೇಳಿಸಿದಾಗ ಚನ್ನವೀರ ಕೆಮ್ಮು ತೆಗೆಯೋಣವೆಂದಿದ್ದ. ಯಮನವ್ವ ತಲೆಯಾಡಿಸಿದ್ದಳು. ಇರಲಿ ಬಿಡ್ರಿ, ಅದನ್ನೂ ದುಡದs ಗಳಿಸೀನಿ, ಅಂದಿದ್ದಳು. ಅದಕ್ಕೂ ಎಲ್ಲರೂ ಕೈ ಎತ್ತಿದ್ದರು. ಚನ್ನವೀರ ಕೂಡ.

"ಆಕಿ ಕೆಮ್ಮು ಎಲ್ಲಿ?"

...

"ಕೆಮ್ಮು ಎಲ್ಲಿ ಅದ, ಚನ್ನವೀರ ಅವರ?"

ಅಣ್ಣ ಎಂಬುದು ಬಾಯಿಂದ ಉದುರಿ ಹೋದದ್ದು ಅವಳಿಗೂ ಕೇಳಿಸಿತು, ಅವನಿಗೂ ಕೇಳಿಸಿತು. ಆ ಕಡೆಯ ದನಿ ಈಗ ಬೇರೆ ರಾಗ ಹಿಡಿಯಿತು. ಬಳಗಕ್ಕೂ ಒಳ್ಳೆಯದಾಗಲೆಂದು, ನಾಲ್ಕು ಜನ ಕೇಳಲೆಂದು, ನೀನಿನ್ನೂ ಸಣ್ಣವಳು ಎಂದು.

"ಸಣ್ಣಾಕಿ, ಖರೆ. ನಿಮ್ಮ ಮಷೀನು ಭಾಳ ಚೊಲೋ ಅದ. ಅದೂ ಖರೆ. ನಮ್ಮ ದರಿದ್ರ ಕಂಪ್ಯೂಟರಿಗೆ ಆ ಕೆಮ್ಮು ಕತ್ತರಿಸಾಕ ಬರ್ತಿರಲಿಲ್ಲ. ಕತ್ತರಿಸಿದ್ರ ಗಾಯ ಕಾಣ್ತಿತ್ತು. ಇಲ್ಲಿ ಗಾಯs ಇಲ್ಲ. ಮಲಕಪ್ಪ ಸತ್ತs ಇಲ್ಲ ಅನ್ನೂವಂಗ ಮಾಡೀರಿ."

...

"ಬೈಯಾಕ ಫೋನ್ ಮಾಡಿಲ್ಲ ನಾ. ಮೂಲ ಟೇಪು ಎಲ್ಲಿ?... ಅದೂ ಅಲ್ಲೇ? ಅವರ ಕಪಾಟಿನ್ಯಾಗ?... ಕೀಲಿ ಯಾರ ಕಡೆ?"

...

ಕೀಲಿ ಅವನ ಕಡೆಯಲ್ಲ, ಸ್ಟುಡಿಯೋದವರ ಕಡೆ. ತ್ರಿವೇಣಿಗೆ ಓಣಿಯ ಒರಳು ನೆನಪಾಯಿತು. ಕೀಲಿ ಹಾಕಲಾರದ್ದು ಎಂದವನೇ ಅದನ್ನು ಹೊತ್ತೊಯ್ದು ಆ ಹತ್ತು ಮಾಳಿಗೆಯ ಬಿಲ್ಡರನ ಅಂಗಳದಲ್ಲಿ ಇಳಿಸಿದ್ದ. ಮತ್ತೆ ಮಾತಾಡಿದಾಗ ಅವಳ ದನಿ ಇಳಿದಿತ್ತು. ಆ ಇಳಿದ ದನಿಯೇ ಅವನಿಗೆ ಹೆಚ್ಚು ಚುಚ್ಚಿರಬೇಕು.

"ಬ್ಯಾಡ್ರಿ. ಟೇಪೂ ಬ್ಯಾಡ, ಡಿಸ್ಕೂ ಬ್ಯಾಡ. ನಾಳಿ ಪರದೆ ಕಟ್ಟೂದಿಲ್ಲ. ಯಮನವ್ವ ಅಲ್ಲೇ ಕುಂತು ಹಾಡ್ತಾಳ. ಕೆಮ್ಮಿಕೋತ ಹಾಡ್ತಾಳ. ಎರಡನೇ ಸಾಲೂ ಹಾಡ್ತಾಳ. ಸೈಟಿನ ಗೇಟಿನ ತನಕ ಕೇಳಸ್ತದ."

...

"ನೀವೂ ಬರ್ರಿ... ಅಲ್ಲ, ಬರಬೇಕು. ಬಂದು, ಎಲ್ಲಾರ ಮುಂದ, ಆಕಿ ಮಾರಿ ನೋಡಿ, ಆ ಕೆಮ್ಮು ತೆಗೀಬೇಕು ಅಂತ ಕೈ ಎತ್ರಿ. ಒಬ್ಬರs ಎತ್ರಿ. ಆಮ್ಯಾಲೆ ನಾ ನಿಮ್ಮನ್ನ ಮತ್ತ ಅಣ್ಣಾ ಅಂತ..."

...

"ಹಲೋ? ಚನ್ನವೀರ ಅವ..."

ಆ ಕಡೆ ಫೋನು ಇಟ್ಟಾಗಿತ್ತು.